ಓಪನ್‌ಸಿವಿಯ ಸಿಫ್ಟ್: ಹಳೆಯದು, ಆದರೆ ಕೈಬಿಡುವಂಥದ್ದಲ್ಲ

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಲೋ 1999ರಲ್ಲಿ ಮುಂದಿಟ್ಟು, 2004ರ ಪ್ರಬಂಧದಲ್ಲಿ ವಿವರವಾಗಿ ಬರೆದ ಸಿಫ್ಟ್ (ಚಿತ್ರದಲ್ಲಿನ ವಿಶಿಷ್ಟ ಬಿಂದುಗಳನ್ನು ಹುಡುಕಿ ವರ್ಣಿಸುವ ವಿಧಾನ) ಬಹುಕಾಲ ಪೇಟೆಂಟಿನ ಹಿಡಿತದಲ್ಲಿತ್ತು. 2020ರ ಮಾರ್ಚ್‌ನಲ್ಲಿ ಅದರ ಅವಧಿ ಮುಗಿಯಿತು. ಓಪನ್‌ಸಿವಿ ಎಂಬ ಚಿತ್ರ ವಿಶ್ಲೇಷಣೆಯ ಕೋಡ್ ಲೈಬ್ರರಿಯ 4.4ನೇ ಆವೃತ್ತಿಯಿಂದ ಸಿಫ್ಟ್ ಮುಖ್ಯ ಲೈಬ್ರರಿಯಲ್ಲೇ ಸಿಗುತ್ತದೆ.

ಒಂದೇ ವಸ್ತುವಿನ ಎರಡು ಫೋಟೋಗಳಲ್ಲಿ ಪರಸ್ಪರ ಹೊಂದುವ ಬಿಂದುಗಳನ್ನು ಹುಡುಕಬೇಕೆ? ಚಿತ್ರ ತಿರುಗಿರಲಿ, ಗಾತ್ರ ಬದಲಾಗಿರಲಿ, ಸಿಫ್ಟ್ ಜಗ್ಗುವುದಿಲ್ಲ. ತರಬೇತಿಗೆ ಡೇಟಾ ಬೇಡ, ಜಿಪಿಯು ಬೇಡ.

ಎಡವುವುದು ಡೀಫಾಲ್ಟ್‌ಗಳಲ್ಲಿ. ಮಸುಕಾದ ಬಿಂದುಗಳನ್ನು ಕೈಬಿಡುವ ಮಿತಿಯಾದ ಕಾಂಟ್ರಾಸ್ಟ್ ಥ್ರೆಶೋಲ್ಡ್ 0.04 ಎಂದಿದೆ, ಲೋ ಅವರ ಪ್ರಬಂಧದಲ್ಲಿ 0.03. ಎರಡೂ ಹತ್ತಿರವೆಂದು ಅನ್ನಿಸುತ್ತದೆ, ಆದರೆ ಓಪನ್‌ಸಿವಿ ಈ ಸಂಖ್ಯೆಯನ್ನು ಆಕ್ಟೇವ್ ಪದರಗಳ (ಚಿತ್ರವನ್ನು ಪ್ರತಿ ಗಾತ್ರದಲ್ಲೂ ಬೇರೆ ಬೇರೆ ಮಟ್ಟಕ್ಕೆ ಮಸುಕಾಗಿಸಿ ನೋಡುವ ಪದರಗಳು) ಸಂಖ್ಯೆಯಿಂದ, ಅಂದರೆ 3ರಿಂದ, ಭಾಗಿಸಿ ಬಳಸುತ್ತದೆ. ಪ್ರಬಂಧದ ಮಟ್ಟ ಬೇಕಿದ್ದರೆ 0.09 ಕೊಡಬೇಕು. ಇಲ್ಲವಾದರೆ ಮಸುಕು ಕಲೆಗಳಲ್ಲೂ ಕೀಪಾಯಿಂಟ್ (ಆಯ್ದ ಬಿಂದು) ಹುಟ್ಟಿ ಮೆಮೊರಿ ತಿನ್ನುತ್ತವೆ: ಬಿಂದುವಿನ ಸುತ್ತಲನ್ನು ವರ್ಣಿಸುವ ಸಂಖ್ಯೆಗಳ ಪಟ್ಟಿಯಾದ ಒಂದು ಡಿಸ್ಕ್ರಿಪ್ಟರ್ 128 ಫ್ಲೋಟ್ (ದಶಮಾಂಶ ಸಂಖ್ಯೆ), ಅಂದರೆ 512 ಬೈಟ್, 10,000 ಬಿಂದುಗಳಿಗೆ ಸುಮಾರು 5 ಎಂಬಿ. ಇಂಥದ್ದೇ ಇನ್ನೊಂದು ವಿಧಾನವಾದ ಆರ್ಬ್‌ಗೆ ಬಿಂದುವೊಂದಕ್ಕೆ 32 ಬೈಟ್ ಸಾಕು, ವೇಗವೂ ಹೆಚ್ಚು. ಲೈವ್ ವಿಡಿಯೋಗೆ ಅದೇ ಸರಿ.

ಮ್ಯಾಚಿಂಗ್‌ನಲ್ಲಿ, ಅಂದರೆ ಎರಡು ಚಿತ್ರಗಳ ಡಿಸ್ಕ್ರಿಪ್ಟರ್ ಜೋಡಿಸುವಾಗ, ಎಲ್2 ದೂರವನ್ನೇ (ಸಾಮಾನ್ಯ ನೇರ ದೂರ) ಬಳಸಿ. ಆರ್ಬ್‌ನ ಕೋಡ್ ನಕಲು ಮಾಡಿ ಹ್ಯಾಮಿಂಗ್ ದೂರ (ಬೇರೆಯಾದ ಬಿಟ್‌ಗಳ ಎಣಿಕೆ) ಉಳಿಸಿಕೊಂಡರೆ ಪ್ರೋಗ್ರಾಂ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಪ್ರತಿ ಬಿಂದುವಿಗೂ ಎರಡು ಸಮೀಪದ ಜೋಡಿ ತೆಗೆದು, ಮೊದಲನೆಯ ದೂರ ಎರಡನೆಯದರ 0.8 ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಇಟ್ಟುಕೊಳ್ಳಿ. ಇದೇ ಲೋ ಅವರ ಅನುಪಾತ ಪರೀಕ್ಷೆ. ಅವರ ಲೆಕ್ಕದಲ್ಲಿ ತಪ್ಪು ಜೋಡಿಗಳಲ್ಲಿ 90% ಹೋಗುತ್ತವೆ, ಸರಿಯಾದವುಗಳಲ್ಲಿ ಕಳೆಯುವುದು 5%ಕ್ಕೂ ಕಡಿಮೆ. ಇಡೀ ಸಿಫ್ಟ್‌ನಲ್ಲಿ ಅತ್ಯಂತ ಸುಂದರ ಭಾಗ ಇದು. ಎರಡೂ ಕಡೆಯಿಂದ ಪರಸ್ಪರ ಸಮೀಪವಾದ ಜೋಡಿಯನ್ನಷ್ಟೇ ಉಳಿಸುವ ಕ್ರಾಸ್‌ಚೆಕ್ ಆನ್ ಇದ್ದರೆ ಎರಡು ಜೋಡಿ ಕೇಳಲು ಬರುವುದಿಲ್ಲ, ಆಫ್ ಮಾಡಿ.

ಒಂದೇ ಥರದ ಕಿಟಕಿಗಳ ಸಾಲಿನಂಥ ಕಡೆ ಈ ಪರೀಕ್ಷೆಯೇ ತಿರುಗಿಬೀಳುತ್ತದೆ. ಎರಡನೆಯ ಜೋಡಿಯೂ ಮೊದಲನೆಯಷ್ಟೇ ಹತ್ತಿರ ಇರುವುದರಿಂದ ಸರಿಯಾದದ್ದೂ ಹೊರಬೀಳುತ್ತದೆ. ನುಣುಪು ಗೋಡೆಯಲ್ಲಂತೂ ಬಿಂದುಗಳೇ ಸಿಗುವುದಿಲ್ಲ.

ಉಳಿದ ತಪ್ಪುಗಳನ್ನು, ಕೆಲವೇ ಜೋಡಿಗಳನ್ನು ಯಾದೃಚ್ಛಿಕವಾಗಿ ಆಯ್ದು ಹೆಚ್ಚಿನವು ಒಪ್ಪುವ ಹೊಂದಿಕೆ ಹುಡುಕುವ ರ್‍ಯಾನ್ಸ್ಯಾಕ್ ಸೋಸುತ್ತದೆ. ಒಂದು ಚಿತ್ರದ ಸಮತಲವನ್ನು ಇನ್ನೊಂದಕ್ಕೆ ಹೊಂದಿಸುವ ಹೋಮೋಗ್ರಫಿಗೆ ಕನಿಷ್ಠ 4 ಜೋಡಿ ಬೇಕು, 10ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ನಂಬಬೇಡಿ. ಅದೂ ಚಪ್ಪಟೆ ವಸ್ತುವಿಗೆ ಮಾತ್ರ. ಆಳವಿರುವ ದೃಶ್ಯಕ್ಕೆ ಕ್ಯಾಮೆರಾ ಸ್ಥಳ ಬದಲಾಗಿದ್ದರೆ ಎರಡು ನೋಟಗಳ ಜ್ಯಾಮಿತಿಯ ಸಂಬಂಧ ಹೇಳುವ ಫಂಡಮೆಂಟಲ್ ಮ್ಯಾಟ್ರಿಕ್ಸ್ ಬೇಕು. ಡಿಸ್ಕ್ರಿಪ್ಟರ್‌ಗಳನ್ನು ಎಲ್1 ಮಾನದಿಂದ (ಅದರ ಸಂಖ್ಯೆಗಳ ಮೊತ್ತ) ಭಾಗಿಸಿ ವರ್ಗಮೂಲ ತೆಗೆಯುವ ರೂಟ್‌ಸಿಫ್ಟ್ ಎರಡೇ ಸಾಲಿನ ಕೋಡ್. ಮ್ಯಾಚಿಂಗ್ ಇನ್ನಷ್ಟು ಸುಧಾರಿಸುತ್ತದೆ, ಸೇರಿಸಿಕೊಳ್ಳಿ.