ಮೊಗ್ಗು ತುಂಬಿದ ಕಳ್ಳಿ ಗಿಡ ಕೊಳ್ಳುವ ಮುಂಚೆ ಇದನ್ನು ಓದಿ

ನವೆಂಬರ್ ಬಂತು ಅಂದರೆ ನಮ್ಮ ಕೋಲಾರದ ನರ್ಸರಿಗಳ ಮುಂದೆ ಕ್ರಿಸ್‌ಮಸ್ ಕ್ಯಾಕ್ಟಸ್ ಕುಂಡಗಳು ಸಾಲಾಗಿ ಕೂರುತ್ತವೆ. ಎಲೆಯ ಥರ ಚಪ್ಪಟೆ ಕಾಂಡ, ತುದಿ ತುದಿಯಲ್ಲೂ ಗುಲಾಬಿ ಮೊಗ್ಗು. ನೋಡಿದರೆ ಬಿಟ್ಟು ಬರೋಕೆ ಮನಸ್ಸಾಗಲ್ಲ. ದಯವಿಟ್ಟು ಬಿಟ್ಟು ಬನ್ನಿ. ತಂದೇ ತರ್ತೀನಿ ಅಂದರೆ, ಮಾರುವವರು ಹೇಳುವ ಆರೈಕೆಯ ಮಾತನ್ನಾದರೂ ಅಲ್ಲೇ ಬಿಟ್ಟು ಬನ್ನಿ.

ನನಗೆ ಮಾರಿದಾತ 450 ರೂಪಾಯಿ ತಗೊಂಡ. ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದೆ. "ಅಕ್ಕಾ, ಇದು ಕಳ್ಳಿ ಜಾತಿ. ಟೆರೇಸ್ ಮೇಲೆ ಫುಲ್ ಬಿಸಿಲಲ್ಲಿಡಿ. ನೀರು ಯಾವಾಗ್ಲೋ ಒಂದ್ಸಲ ಹಾಕಿದ್ರೆ ಸಾಕು" ಅಂದ. ಹಾಗೇ ಇಟ್ಟೆ. ಕಾಂಡ ಕೆಂಪಗಾಯಿತು. ಮೊಗ್ಗುಗಳು ಬುಡದಲ್ಲಿ ಹಳದಿಯಾಗಿ ಒಂದೊಂದೇ ಉದುರತೊಡಗಿದವು.

ಹೋಗಿ ಕೇಳಿದರೆ, "ಏನ್ ಮಾಡೋದಕ್ಕಾ, ಒಬ್ಬೊಬ್ಬರ ಕೈಗುಣ" ಅಂತ ಹೇಳಿ, 280 ರೂಪಾಯಿಯ ಹೂವಿನ ಟಾನಿಕ್ ಬಾಟಲಿ ಕೈಗಿಟ್ಟ. ಮೇಲೆ ದೊಡ್ಡ ಗುಲಾಬಿ ಚಿತ್ರ. ಒಳಗೆ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟೆಷ್ಟಿದೆ ಅಂತ ಎಲ್ಲೂ ಇಲ್ಲ. ಇಂಥ ಬಾಟಲಿಯನ್ನು ನಮ್ಮ ಕಡೆ ಟೊಮೇಟೊ ಬೆಳೆಯುವ ಯಾವ ರೈತನಿಗಾದರೂ ಮಾರಿ ನೋಡಲಿ. ಕುಂಡದಲ್ಲಿ ಗಿಡ ಬೆಳೆಸುವ ನಮಗೆ ಮಾತ್ರ ಧೈರ್ಯವಾಗಿ ಕೊಡುತ್ತಾರೆ. ಮೊಗ್ಗು ಬಿಟ್ಟ ಮೇಲೆ ಈ ಗಿಡಕ್ಕೆ ಗೊಬ್ಬರವೇ ಬೇಕಿಲ್ಲ. ಉಳಿದಿದ್ದ ಮೊಗ್ಗುಗಳೂ ಹೋದವು.

ನಿಜ ಏನಂದರೆ, ಇದು ಬಯಲಿನ ಕಳ್ಳಿಯೇ ಅಲ್ಲ. ಬ್ರೆಜಿಲ್‌ನ ರಿಯೊ ಡಿ ಜನೈರೊ ಸುತ್ತಲಿನ ಬೆಟ್ಟದ ಕಾಡುಗಳಲ್ಲಿ, ಮರದ ಕೊಂಬೆ ಮೇಲೆ, ಬಂಡೆಯ ಸಂದಿಯಲ್ಲಿ, ನೆರಳು ತೇವದಲ್ಲಿ ಬೆಳೆಯುವಂಥದ್ದು. ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಅಂತ ರಾತ್ರಿ ಎದ್ದು ಕಾಯ್ತೀವಲ್ಲ, ಅದೂ ಹೀಗೇ ಮರದ ಮೇಲೆ ಬೆಳೆಯುವ ಕಳ್ಳಿ. (ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ ಗಿಡ, ಆ ಜಗಳ ಈಗ ಬೇಡ.) ಬೆಳಗಿನ ಎಳೆ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಸುಡುತ್ತದೆ. ಮೊಗ್ಗಿರುವಾಗ ಮಣ್ಣು ಪೂರ್ತಿ ಒಣಗಬಾರದು, ನೀರು ನಿಲ್ಲಲೂಬಾರದು. ಮೇಲಿನ ಮಣ್ಣು ಒಣಗಿದ್ದನ್ನು ಬೆರಳಿಟ್ಟು ನೋಡಿ ನೀರು ಹಾಕಿ. ನಮ್ಮ ಬೋರ್‌ವೆಲ್ ನೀರು ಗಡಸು, ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೇದು.

ಮುಳಬಾಗಿಲಿನಲ್ಲಿರುವ ನಮ್ಮ ನಾದಿನಿಯೂ ಅದೇ ಅಂಗಡಿಯಲ್ಲಿ ತಗೊಂಡಿದ್ದಳು. ಅವಳು ಆತನ ಮಾತು ಕೇಳದೆ ಹಜಾರದ ಕಿಟಕಿ ಪಕ್ಕ ಇಟ್ಟಳು, ನೀರೂ ಹದವಾಗಿ ಹಾಕಿದಳು. ಆದರೂ ಉದುರಿದವು! ಕಾರಣ ಹೇಳಿದ್ದು ಟಮಕದ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಅವಳ ಮಗಳು. ಹಜಾರದಲ್ಲೇ ಮಂಡಿಗೆ ಹೋಗದೆ ಉಳಿದ ಟೊಮೇಟೊ ಬಾಕ್ಸ್‌ಗಳಿದ್ದವು. ಹಣ್ಣಾಗುವ ಟೊಮೇಟೊ, ಬಾಳೆ, ಮಾವು ಎಲ್ಲವೂ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಕಾಯಿಯನ್ನು ಹಣ್ಣು ಮಾಡುವುದೂ ಅದೇ, ಮೊಗ್ಗನ್ನು ಗಿಡದಿಂದ ಕಳಚಿ ಬೀಳಿಸುವುದೂ ಅದೇ. ಈ ಕಳ್ಳಿಗೆ ಅದು ಸ್ವಲ್ಪ ತಾಗಿದರೂ ಆಗಲ್ಲ. ಕೋಲಾರ ಜಿಲ್ಲೆಯಲ್ಲಿ ಟೊಮೇಟೊ ಇಲ್ಲದ ಮನೆ ಎಲ್ಲಿ ಹುಡುಕೋದು ಹೇಳಿ!

ಇನ್ನೊಂದು ವಿಷಯವನ್ನೂ ಅವಳೇ ಹೇಳಿದಳು. ಈ ಕುಂಡಗಳು ಎಲ್ಲೋ ಪಾಲಿಹೌಸಿನ ತಂಪಿನಲ್ಲಿ ಬೆಳೆದು, ಮುಚ್ಚಿದ ವ್ಯಾನಿನ ಕತ್ತಲಲ್ಲಿ ಬಂದು, ರಸ್ತೆ ಬದಿಯ ಬಿಸಿಲಿಗೆ ಇಳಿಯುತ್ತವೆ. ನಾವು ಮುಟ್ಟುವ ಮುಂಚೆಯೇ ಎಷ್ಟೋ ಮೊಗ್ಗುಗಳ ಕಥೆ ಮುಗಿದಿರುತ್ತದೆ, ಬೀಳುವುದು ಮಾತ್ರ ನಮ್ಮ ಮನೆಯಲ್ಲಿ. ಆಮೇಲೆ ಕೈಗುಣ ಅಂತೆ. ಅದಕ್ಕೇ ಕೊಳ್ಳಲೇಬೇಕಿದ್ದರೆ ಒಂದೆರಡು ಹೂವು ಅರಳಿ, ಉಳಿದ ಮೊಗ್ಗು ದಪ್ಪಗೆ ಬಣ್ಣ ಬಂದಿರುವ ಕುಂಡ ಆರಿಸಿ. ಅಕ್ಕಿಕಾಳಿನಷ್ಟು ಮೊಗ್ಗಿರುವುದು ಬೇಡ. ಮನೆಗೆ ತಂದ ಮೇಲೆ ಒಂದೇ ಕಡೆ ಇಡಿ. ಚೆಂದ ಕಾಣಲಿ ಅಂತ ದಿನಾ ತಿರುಗಿಸಬೇಡಿ, ಫ್ಯಾನ್ ಗಾಳಿಗೂ ಒಡ್ಡಬೇಡಿ.

ಅದೇ ಅಂಗಡಿಯಲ್ಲಿ ಮುಳ್ಳಿನ ಪುಟ್ಟ ಕಳ್ಳಿಗಳ ನೆತ್ತಿ ಮೇಲೆ ಹಳದಿ, ಕೇಸರಿ ಹೂವು ಕೂತಿದ್ದವು. ಅದನ್ನಂತೂ ಮುಟ್ಟಲೇಬೇಡಿ. ಅವು ಒಣಗಿದ ಕಾಗದದಂಥ ಬೇರೆ ಗಿಡದ ಹೂವು, ಬಿಸಿ ಗಮ್ ಹಾಕಿ ಅಂಟಿಸಿರುತ್ತಾರೆ. ತೇವಕ್ಕೆ ಮುಚ್ಚಿ, ಒಣಗಿದಾಗ ಬಿಚ್ಚಿಕೊಳ್ಳುವುದರಿಂದ ಜೀವ ಇದೆ ಅಂತಲೇ ಜನ ನಂಬುತ್ತಾರೆ. ಬುಡದಲ್ಲಿ ಗಾಜಿನಂಥ ಗಮ್ ಕಾಣುತ್ತದೆ, ಬಗ್ಗಿ ನೋಡಿ.

ಮುಂದಿನ ವರ್ಷ ಮತ್ತೆ ಹೂವು ಬರಬೇಕಾದರೆ ಟಾನಿಕ್ ಬೇಡ, ಕತ್ತಲೆ ಬೇಕು. ಅಕ್ಟೋಬರ್‌ನಿಂದ ಸುಮಾರು 6 ವಾರ, ರಾತ್ರಿ 13–14 ಗಂಟೆ ಒಂದೇ ಸಮನೆ ಕತ್ತಲು, ಜೊತೆಗೆ ತಂಪು. ಬೀದಿದೀಪವೋ ವರಾಂಡದ ಬಲ್ಬೋ ಬೀಳುತ್ತಿದ್ದರೆ ಸಂಜೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಿಗ್ಗೆ ತೆಗೆಯಿರಿ. ಮೊಗ್ಗು ಕಂಡ ಮೇಲೆ ಪೆಟ್ಟಿಗೆ ಬೇಕಿಲ್ಲ.

ಮತ್ತೆ, ದುಡ್ಡು ಕೊಟ್ಟೇ ತರಬೇಕು ಅಂತೇನಿಲ್ಲ. ಪರಿಚಯದವರ ಮನೆಯಲ್ಲಿದ್ದರೆ ಹೂವು ಮುಗಿದ ಮೇಲೆ ಎರಡು ಮೂರು ಗಿಣ್ಣಿನ ತುಂಡು ತಿರುಚಿ ಕಿತ್ತುಕೊಳ್ಳಿ. ನೆರಳಲ್ಲಿ ಒಂದೆರಡು ದಿನ ಗಾಯ ಒಣಗಲಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮರಳು ಬೆರೆಸಿದ ಮಣ್ಣಿಗೆ ಊರಿ. ಬಿಸಿಲಿಗೆ ಕೆಂಪಗಾಗಿದ್ದ ನನ್ನ ಗಿಡವೂ ನೆರಳಿಗೆ ಬಂದ ಮೇಲೆ ಹಸಿರಾಗಿದೆ. ತುಂಡು ಬೇಕಿದ್ದವರು ಬನ್ನಿ, ಟಾನಿಕ್ ಬಾಟಲಿ ಬೇಕಿದ್ದರೂ ಕೊಡ್ತೀನಿ.