ಆಲೂಗಡ್ಡೆಗೆ ನೆಲದ ಪಾತಿಯೋ, ಚೀಲವೋ?

ಮನೆಯಲ್ಲೇ ಆಲೂಗಡ್ಡೆ ಬೆಳೆಯಲು ನೆಲದ ಪಾತಿ ಒಳ್ಳೆಯದೋ, ಮಣ್ಣು ತುಂಬಿದ ಚೀಲವೋ ಎಂಬ ಪ್ರಶ್ನೆಗೆ ಉತ್ತರವು ನಿಮ್ಮಲ್ಲಿರುವ ಜಾಗ ಮತ್ತು ಬಿಡುವನ್ನು ಅವಲಂಬಿಸಿದೆ.

ಖರ್ಚಿನಲ್ಲಿ ನೆಲವೇ ಹಗುರ. ಚೀಲದಲ್ಲಾದರೆ ಪ್ರತಿ ಗಿಡಕ್ಕೆ ಸುಮಾರು 10ರಿಂದ 15 ಲೀಟರ್‌ನಷ್ಟು ಮಣ್ಣು-ಗೊಬ್ಬರದ ಮಿಶ್ರಣವನ್ನು ಹೊಂದಿಸಬೇಕು.

ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ನೀರು. ನೆಲದಲ್ಲಿ ಬೇರು ತೇವವನ್ನು ಹುಡುಕಿಕೊಂಡು ಹರಡುತ್ತದೆ. ಚೀಲದ ಮಣ್ಣಾದರೋ ಬಿಸಿಲಿಗೆ ಎಲ್ಲ ಕಡೆಯಿಂದಲೂ ಕಾದು ಬೇಗನೆ ಒಣಗುತ್ತದೆ, ಮಣ್ಣು ಹೆಚ್ಚು ಬಿಸಿಯಾದರೆ ಗಡ್ಡೆ ಕಟ್ಟುವುದೂ ಕುಂಠಿತವಾಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಇಳಿಸಿದಾಗ ಒಣ ಪುಡಿ ತಾಕಿದರೆ ಆಗಲೇ ನೀರುಣಿಸಬೇಕು. ಬೇಸಿಗೆಯಲ್ಲಿ ಇದು ದಿನನಿತ್ಯದ ಕೆಲಸವಾಗಬಹುದು.

ರೋಗದ ವಿಷಯದಲ್ಲಿ ಚೀಲವೇ ಮೇಲು, ಏಕೆಂದರೆ ಪ್ರತಿ ಬೆಳೆಗೂ ಹೊಸ ಮಿಶ್ರಣವನ್ನು ತುಂಬಬಹುದು. ನೆಲದಲ್ಲಾದರೆ ಅದೇ ಪಾತಿಯಲ್ಲಿ ಮತ್ತೆ ಆಲೂಗಡ್ಡೆ ನೆಡಲು ಮೂರು-ನಾಲ್ಕು ವರ್ಷ ಕಾಯುವುದು ಕ್ಷೇಮ. ಕೊಯ್ಲೂ ಸುಲಭ: ಚೀಲವನ್ನು ಮಗುಚಿದರೆ ಸಾಕು, ಗುದ್ದಲಿಯ ಏಟಿಗೆ ಗಡ್ಡೆ ಸೀಳುವ ಭಯವಿಲ್ಲ.

ಎರಡರಲ್ಲೂ ಗಿಡ ಬೆಳೆದಂತೆಲ್ಲ ಬುಡಕ್ಕೆ ಮಣ್ಣೇರಿಸಲೇಬೇಕು. ಬೆಳಕು ಬಿದ್ದು ಹಸಿರಾದ ಗಡ್ಡೆಯಲ್ಲಿ ವಿಷಕಾರಿ ಸೊಲನೈನ್ ಹೆಚ್ಚಾಗಿರುತ್ತದೆ, ಅದನ್ನು ತಿನ್ನಬಾರದು.

ಬಾಲ್ಕನಿಯಷ್ಟೇ ಇರುವವರು, ಅಥವಾ ನೀರು ನಿಲ್ಲುವ ಜಿಗುಟು ಮಣ್ಣಿನ ಹಿತ್ತಲಿನವರು, ಅಲ್ಪಾವಧಿ ತಳಿಯನ್ನು ಚೀಲದಲ್ಲಿ ನೆಡಲಿ. ತಿಂಗಳುಗಟ್ಟಲೆ ಕೂಡಿಡುವಷ್ಟು ಬೆಳೆಯಬೇಕೆನ್ನುವವರಿಗೂ ಆಗಾಗ ಊರಿಗೆ ಹೋಗುವವರಿಗೂ ಸಡಿಲವಾದ ನೆಲದಲ್ಲಿ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿರುವ ಸಾಲುಗಳೇ ಹೆಚ್ಚು ಒಗ್ಗುತ್ತವೆ.