ಫಾರ್ಚೂನರ್‌ಗೆ ದೊಡ್ಡ ಚಕ್ರ: ಮೈಲೇಜ್ ಎಲ್ಲಿ ಸೋರುತ್ತದೆ?

ಟೊಯೋಟಾ ಫಾರ್ಚೂನರ್ ಇಲ್ಲಿ ಎರಡು ಅಳತೆಯ ಚಕ್ರಗಳಲ್ಲಿ ಬಂದಿದೆ: 265/65 ಆರ್17 ಮತ್ತು 265/60 ಆರ್18. ಮೊದಲ ಅಂಕಿ ಟೈರಿನ ಅಗಲ (ಮಿ.ಮೀ.), ಎರಡನೆಯದು ಪಕ್ಕದ ರಬ್ಬರಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು. ಮೊದಲನೆಯದರ ಹೊರವ್ಯಾಸ 776 ಮಿ.ಮೀ., ಎರಡನೆಯದ್ದು 775. ರಿಮ್ ಒಂದಿಂಚು ಬೆಳೆದಿದೆ, ರಬ್ಬರ್ ಅಷ್ಟೇ ತೆಳುವಾಗಿದೆ. ಕಂಪನಿಯ 17ರಿಂದ ಕಂಪನಿಯದೇ 18ಕ್ಕೆ ಹೋದರೆ ಡೀಸೆಲ್ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ, ನಿಶ್ಚಿಂತೆಯಿಂದ ಹಾಕಿಸಬಹುದು.

ತೊಂದರೆ ಶುರುವಾಗುವುದು ಅಂಗಡಿಯವರು ಪ್ರೀತಿಯಿಂದ ತೋರಿಸುವ 285/60 ಆರ್18 ಆಲ್ ಟೆರೇನ್ (ಡಾಂಬರು, ಕಚ್ಚಾರಸ್ತೆ ಎರಡಕ್ಕೂ ಆಗುವ) ಟೈರಿನಿಂದ. ಹೊರವ್ಯಾಸ 799 ಮಿ.ಮೀ., ಅಂದರೆ ಕಂಪನಿಯ 18ಕ್ಕಿಂತ ಶೇ. 3.1 ಹೆಚ್ಚು. ಗಾಡಿ ಎತ್ತರವಾಗುವುದು ಬರೀ 12 ಮಿ.ಮೀ. ಅದಕ್ಕೆ ತೆರುವ ಬೆಲೆ ದೊಡ್ಡದು: 20 ಮಿ.ಮೀ. ಹೆಚ್ಚು ಅಗಲದ ಟೈರು ಗಾಳಿಗೆ ಅಡ್ಡ, ದಪ್ಪ ಟ್ರೆಡ್ (ರಸ್ತೆಗೆ ತಾಗುವ ರಬ್ಬರ್) ಪ್ರತಿ ಸುತ್ತಿನಲ್ಲೂ ಬಾಗಿ ಶಕ್ತಿ ತಿನ್ನುತ್ತದೆ, ತೂಕವೂ ಏರುತ್ತದೆ. ಟೈರಿನ ಅಂಚಿನಲ್ಲಿ ಸೇರಿದ ಒಂದು ಕಿಲೋ, ವೇಗ ಹಿಡಿಯುವಾಗ ಸೀಟಿನ ಮೇಲಿಟ್ಟ ಸುಮಾರು ಎರಡು ಕಿಲೋಗೆ ಸಮ. ಹಾಗಾಗಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಬೆಂಗಳೂರಿನಲ್ಲಿ ತೂಕ ಕಾಡುತ್ತದೆ, ಹೆದ್ದಾರಿಯಲ್ಲಿ ಗಾಳಿ ಕಾಡುತ್ತದೆ. ಎತ್ತರದ ಟೈರಿನಿಂದ ಗೇರಿಂಗ್ ಉದ್ದವಾಗಿ, ಅಂದರೆ ಚಕ್ರದ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಿ, ಎಂಜಿನ್ ಆರ್‌ಪಿಎಂ ಶೇ. 3ರಷ್ಟು ಇಳಿಯುವುದು ನಿಜ. ಆದರೆ ಆ ಚೂರುಪಾರು ಲಾಭವನ್ನು ಗಾಳಿಯೇ ನುಂಗುತ್ತದೆ. ಘಾಟಿ ಏರುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಳಗಿನ ಗೇರನ್ನೇ ಹಿಡಿದುಕೊಂಡಿರುತ್ತದೆ.

ಮೈಲೇಜ್ ಬಿತ್ತು ಎಂದು ಬೈಯುವ ಮೊದಲು ಒಂದು ಲೆಕ್ಕ. 18 ಇಂಚಿನ ಮೂಲ ಟೈರಿಗೆ ಹೊಂದಿಸಿದ ಓಡೋಮೀಟರ್ 500 ಕಿ.ಮೀ. ತೋರಿಸಿದಾಗ ಈ ಟೈರಿನಲ್ಲಿ ಗಾಡಿ ಓಡಿರುವುದು 515.5. ಐವತ್ತು ಲೀಟರ್ ಹೋಗಿದ್ದರೆ ಮೈಲೇಜ್ 10 ಅಲ್ಲ, 10.3. ಎಂಐಡಿ, ಅಂದರೆ ಡ್ಯಾಶ್‌ಬೋರ್ಡಿನ ಪರದೆ, ತೋರಿಸುವ ಮೈಲೇಜ್ ಅಂಕಿಯೂ ಇದೇ ತಪ್ಪನ್ನು ಹೊತ್ತಿರುತ್ತದೆ. ಸರಿಯಾಗಿ ಅಳೆಯಲು ಟ್ಯಾಂಕ್ ತುಂಬಿಸಿ: ಅದೇ ಬಂಕ್, ಅದೇ ನಾಝಲ್, ಮೊದಲ ಆಟೋ ಕಟ್‌ಗೆ (ನಾಝಲ್ ತಾನಾಗಿ ನಿಂತಾಗ) ನಿಲ್ಲಿಸಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ. ಓಡೋಮೀಟರ್ ತೋರಿಸಿದ ದೂರವನ್ನು 1.031ರಿಂದ ಗುಣಿಸಿ ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಜಿಪಿಎಸ್ ಇಟ್ಟು 100 ಕಿ.ಮೀ. ತಾಳೆ ನೋಡಿದರೆ ಇನ್ನೂ ಖಚಿತ. ಟೈರ್ ಬದಲಿಸುವ ಮೊದಲೇ ಎರಡು ಟ್ಯಾಂಕ್ ಅಳೆದಿಡದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ.

20 ಇಂಚಿನ ಕಥೆ ಬೇರೆ. 265/50 ಆರ್20 ಹೊರವ್ಯಾಸ 773, ಓಡೋಮೀಟರ್ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಆದರೂ ಲೋಹ ಹೊರಗಂಚಿಗೆ ಸರಿದಿರುವುದರಿಂದ ಚಕ್ರ ತಿರುಗಿಸಲು ಹೆಚ್ಚು ಶ್ರಮ. ಅಮೆರಿಕದ ಕಾರ್ ಅಂಡ್ ಡ್ರೈವರ್ ಪತ್ರಿಕೆ 2010ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ 15ರಿಂದ 19 ಇಂಚಿನವರೆಗೆ ಚಕ್ರ ತೊಡಿಸಿ ನೋಡಿದಾಗ ಮೈಲೇಜ್ ಸುಮಾರು ಶೇ. 10 ಇಳಿದಿತ್ತು. ಅದು ಸಣ್ಣ ಕಾರು, ನಾಲ್ಕಿಂಚಿನ ಜಿಗಿತ. ಆ ಅಂಕಿಯನ್ನು ಹಾಗೇ ಫಾರ್ಚೂನರ್‌ಗೆ ಅಂಟಿಸಬೇಡಿ. ಇಲ್ಲಿ ನಿಜವಾದ ಭಯ ಗುಂಡಿಯದು: ಪಕ್ಕದ ರಬ್ಬರ್ 17 ಇಂಚಿನಲ್ಲಿದ್ದ 172 ಮಿ.ಮೀ.ನಿಂದ 132ಕ್ಕೆ ಇಳಿದಿರುತ್ತದೆ. ನಮ್ಮ ರಸ್ತೆಯಲ್ಲಿ ರಿಮ್ ಬಾಗುವುದು, ಟೈರಿನ ಪಕ್ಕೆ ಊದುವುದು ಎಷ್ಟು ದಿನದ ಮಾತು?

ಟೈರು ಹೊರಬಲ್ಲ ಭಾರ ಹೇಳುವ ಲೋಡ್ ಇಂಡೆಕ್ಸ್ ಓದದೆ ದುಡ್ಡು ಕೊಡಬೇಡಿ. 110 ಎಂದರೆ ಟೈರಿಗೆ 1,060 ಕೆ.ಜಿ., 107 ಎಂದರೆ 975. ಇಪ್ಪತ್ತು ಇಂಚೇ ಬೇಕೆಂದರೆ 111ರ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಟೈರ್ ಕೇಳಿ. ಅಷ್ಟೇ ಭಾರ ಹೊರಲು ಅದಕ್ಕೆ ಗಾಳಿ ತುಸು ಹೆಚ್ಚು ಬೇಕು, ಬಾಗಿಲ ಪಕ್ಕದ ಸ್ಟಿಕ್ಕರಿನ ಅಂಕಿಗೇ ನಿಲ್ಲಿಸಿದರೆ ಟೈರ್ ಬಿಸಿಯಾಗುತ್ತದೆ, ಡೀಸೆಲ್ಲೂ ಕುಡಿಯುತ್ತದೆ. ರಿಮ್ಮಿನ ಪಿಸಿಡಿ (ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ) 6×139.7, ನಡುರಂಧ್ರ 106.1 ಮಿ.ಮೀ. ಇರಲಿ. ರಂಧ್ರ ದೊಡ್ಡದಿದ್ದು ಆ ಸಂದು ತುಂಬುವ ಹಬ್ ರಿಂಗ್ ಹಾಕದೆ ಬಿಟ್ಟರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ನಿಲ್ಲದು.

285 ಹಾಕಿಸುವವರು ಸ್ಟೆಪ್ನಿಯನ್ನೂ ಬದಲಿಸಬೇಕು. ನಾಲ್ಕು ಚಕ್ರ 799, ಐದನೆಯದು 775 ಇದ್ದರೆ ಪಂಕ್ಚರ್ ಆದ ದಿನ ಎಡಬಲ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಊರು ಮುಟ್ಟುವವರೆಗೂ ಬಿಡುವಿಲ್ಲದೆ ದುಡಿಯುತ್ತದೆ. ಆ ಸ್ಥಿತಿಯಲ್ಲಿ ಡಾಂಬರಿನ ಮೇಲೆ ಫೋರ್ ವೀಲ್ ಡ್ರೈವ್ ಹಾಕಲೇಬೇಡಿ.